ಗಾಳಿಕಲ್ಲು ಗುಡ್ಡಕ್ಕೆ ಗ್ರಾಮೋಫೋನು ಹೊತ್ತದ್ದು

ಗುಡ್ಡ ಹತ್ತುವ ವಿಷಯದಲ್ಲಿ ನನಗಿದ್ದಷ್ಟು ಧೈರ್ಯ ಇಡೀ ಹಾನಗಲ್ಲಿನಲ್ಲಿ ಮತ್ತೊಬ್ಬರಿಗೆ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ನಾನು ದರ್ಜಿ. ಪೇಟೆಯ ಮೂಲೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡು ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಎರಡೂ ಕಾಲಿನಿಂದ ತುಳಿಯುವವನು. ನಾನು ಕೂತಲ್ಲೇ ತುಳಿದದ್ದನ್ನೆಲ್ಲ ಉದ್ದಕ್ಕೆ ಹಾಸಿದರೆ ಕಾಶಿಗೆ ಹೋಗಿ, ಗಂಗೆಯಲ್ಲಿ ಮುಳುಗೆದ್ದು, ಊಟದ ಹೊತ್ತಿಗೆ ಮನೆಗೆ ಬರಬಹುದೆಂದು ನನ್ನ ಅಂದಾಜು. ಇಂಥ ಕಾಲುಗಳಿಗೆ ಒಂದು ಗುಡ್ಡ ಯಾವ ಲೆಕ್ಕ?

“ಕಾಲು ಅಂದ್ರ ಇವು ನೋಡು!” ಎಂದು ಧೋತರ ಮೇಲೆತ್ತಿ ಹೆಂಡತಿಗೆ ತೋರಿಸುತ್ತಿದ್ದೆ.

“ಇಳಸ್ರಿ, ಮಂದಿ ನೋಡ್ತಾರ,” ಎನ್ನುತ್ತಿದ್ದಳು ನೀಲವ್ವ.

ನನ್ನ ಕಾಲಿಗೆ ಮನೆಯಲ್ಲಿ ಸಿಕ್ಕ ಬೆಲೆ ಇಷ್ಟು!

ಆದರೆ ಗೆಳೆಯರು ಹಾಗಲ್ಲ. ನನಗಿದ್ದವರು ಇಬ್ಬರು. ಶಿಗ್ಗಾಂವಿಯ ಮಲ್ಲೇಶಿ ಗಾಣದ ಮನೆಯವನು. ಗರಡಿಯಲ್ಲಿ ಬೆಳೆದ ಮೈ, ಮಾತಾಡಿದರೆ ಎರಡು ಓಣಿಗೆ ಕೇಳುವ ಗಂಟಲು. ಸವಣೂರಿನ ಇಮಾಮಸಾಬ ಎಲೆಬಳ್ಳಿ ತೋಟದವನು. ಬಾಯಿಯಲ್ಲಿ ಸದಾ ಎಲೆಯಡಿಕೆ, ಅದರ ಮೇಲೆ ಮೆತ್ತಗಿನ ಮಾತು. ಸಂತೆಯಲ್ಲಿ ಕೂಡಿದ ಗೆಳೆತನ. ವರ್ಷಕ್ಕೊಮ್ಮೆ, ಸುಗ್ಗಿಯ ನಡುವೆ ತುಸು ಬಿಡುವು ಸಿಕ್ಕಾಗ, ಮೂವರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಎತ್ತರದ ಜಾಗ ಹುಡುಕಿ ಹೊರಡುತ್ತಿದ್ದೆವು. ಮೊದಲ ವರ್ಷ ಬಂಕಾಪುರದ ಕೋಟೆಯ ಗೋಡೆ ಹತ್ತಿದೆವು. ಮೇಲೆ ನಿಂತು ನಾನು ಎರಡೂ ಕೈ ಚಾಚಿ “ಆಹಾ!” ಎಂದೆ. ಪಕ್ಕದ ಮುಳ್ಳುಕಂಟಿಯಿಂದ ಒಂದು ನವಿಲು “ಕ್ಯಾಂ!” ಎಂದಿತು. ನಾನು ಹತ್ತಿದ್ದಕ್ಕಿಂತ ಬೇಗ ಕೆಳಗಿದ್ದೆ.

“ಗ್ವಾಡಿ ಹತ್ತೂದು ಹಲ್ಲಿ ಕೆಲಸ. ಗಂಡಸರಾಗಿ ಹುಟ್ಟಿದ ಮ್ಯಾಲೆ ಶಿಖರ ಹತ್ತಬೇಕು!” ಎಂದು ಮಲ್ಲೇಶಿ ಆವತ್ತೇ ತೀರ್ಪು ಕೊಟ್ಟ.

ಶಿಖರವೂ ಗೊತ್ತಾಯಿತು. ಹಾನಗಲ್ಲಿನಿಂದ ಹಂಸಭಾವಿಯ ಕಡೆಗೆ ಹೋಗುವಾಗ ದೂರದಲ್ಲಿ ಮೋಡಕ್ಕೆ ತಲೆ ಒರೆಸಿಕೊಂಡು ನಿಂತ ಗಾಳಿಕಲ್ಲು ಗುಡ್ಡ. ನೋಡಿದಾಗೊಮ್ಮೆ ಮೂವರೂ “ಒಂದಿನ ಹತ್ತೋಣು” ಎನ್ನುತ್ತಿದ್ದೆವು. ಆ ಒಂದು ದಿನ ಬಂದದ್ದು ನನ್ನ ಭಾವಮೈದುನನ ಮದುವೆಯ ಹಿಂದಿನ ದಿನ. ಬರಬಾರದಾಗಿತ್ತು!

ಆಗ ಯುದ್ಧದ ಕಾಲ. ಪೆಟ್ರೋಲು ಇಲ್ಲ, ಸೀಮೆಎಣ್ಣೆ ಇಲ್ಲ, ಬಟ್ಟೆಗೂ ಪಾಳಿ. ಆದರೆ ಹಿರೇಕೆರೂರಿನ ನಮ್ಮ ಮಾವನವರ ಹತ್ತಿರ ಒಂದು ಗ್ರಾಮೋಫೋನು ಇತ್ತು. ಹಿತ್ತಾಳೆಯ ದೊಡ್ಡ ಕಹಳೆ, ಶೀಸಂ ಕಟ್ಟಿಗೆಯ ಪೆಟ್ಟಿಗೆ. ಮಾವನವರು ಅದನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದರು. ಮಕ್ಕಳಿಗೆ ಜ್ವರ ಬಂದರೆ ಕಷಾಯ. ಪೆಟ್ಟಿಗೆಯ ಗಂಟಲು ಕಟ್ಟಿದರೆ ಸವಣೂರಿಗೇ ಕಳಿಸಬೇಕು. ಅಲ್ಲಿ ಅದನ್ನು ರಿಪೇರಿ ಮಾಡುವ ಒಬ್ಬ ಮೇಸ್ತ್ರಿ ಇದ್ದ. ಮಗನ ಮದುವೆಯ ಹಂದರದಲ್ಲಿ ಬೀಗರ ಮುಂದೆ ಪೆಟ್ಟಿಗೆ ಹಾಡಬೇಕು ಎಂಬುದು ಮಾವನವರ ಬಹುಕಾಲದ ಆಸೆ. ಅದನ್ನು ಸವಣೂರಿನಿಂದ ತರುವ ಹೊಣೆ ಹಿರಿಯ ಅಳಿಯನದು. ಅಂದರೆ ನನ್ನದು.

ಹಾಡಿನ ಪ್ಲೇಟಿನ ಮೇಲೆ ಓಡುವ ಪಿನ್ನಿನ ಡಬ್ಬಿಯನ್ನು ಮಾತ್ರ ಅವರು ಮೇಸ್ತ್ರಿಯ ಕೈಗೆ ಕೊಟ್ಟಿರಲಿಲ್ಲ. ಯುದ್ಧದಿಂದಾಗಿ ಪಿನ್ನು ಸಿಗದು. “ಅಳಿಯಂದ್ರ, ಇದು ಪಿನ್ನಲ್ಲ, ಬಂಗಾರ!” ಎಂದು ನನ್ನ ಕೈಗೇ ಹಾಕಿದ್ದರು.

ನೀಲವ್ವ ತವರಿಗೆ ಮೊದಲೇ ಹೊರಟಳು. ತಾಂಬೂಲದ ಚೀಲದಲ್ಲಿ ಅಡಿಕೆ, ಸುಣ್ಣದ ಡಬ್ಬಿ ಎಲ್ಲ ನಾನೇ ಜೋಡಿಸಿ ಕೊಟ್ಟೆ.

“ನೀವು ಪೆಟ್ಟಿಗಿ ತೊಗೊಂಡು ಸೀದಾ ಬರ್ರಿ,” ಎಂದಳು ಮೋಟಾರು ಹತ್ತುವಾಗ.

“ಮತ್ತ ಡೊಂಕ ಬರ್ತೇನೇನು?”

“ಮಲ್ಲೇಶಣ್ಣ ಸಿಕ್ಕರ ಡೊಂಕ ಬರ್ತೀರಿ. ನನಗ ಗೊತ್ತೈತಿ. ಮದುಮಗಳ ಕುಬಸಾನೂ ನಿಮ್ಮ ಕಡೆನ ಅದಾವು. ನೀವು ಬರಲಿಲ್ಲಂದ್ರ ಹಾಡೂ ಇಲ್ಲ, ಕುಬಸಾನೂ ಇಲ್ಲ. ನಮ್ಮ ಅಪ್ಪ ಬೀಗರಿಗೆ ಮಾರಿ ತೋರಸೂದ ಹೆಂಗ?”

“ನೀ ನಿಶ್ಚಿಂತಿ ಹೋಗು,” ಎಂದೆ. ನಾನು ಈ ಮಾತು ಹೇಳಿದಾಗಲೆಲ್ಲ ಅವಳಿಗೆ ಚಿಂತೆ ಶುರುವಾಗುತ್ತದೆ ಎಂಬುದು ನನಗೆ ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಸವಣೂರಿನಲ್ಲಿ ಪೆಟ್ಟಿಗೆ ತಯಾರಾಗಿತ್ತು. ಮೇಸ್ತ್ರಿ ತನ್ನ ಪಿನ್ನು ಹಾಕಿ ಒಂದು ಪ್ಲೇಟು ಹಚ್ಚಿ ತೋರಿಸಿದ. ಹೆಣ್ಣುದನಿ, ನಾಟಕದ ಹಾಡು. ಗೋಪಿಯೊಬ್ಬಳು ಕೃಷ್ಣನಿಗೆ ಕೈ ಬಿಡೆಂದು ಬೇಡಿಕೊಳ್ಳುವ ಹಾಡು. ಆ ದನಿ ಕೇಳಿ ಇಮಾಮಸಾಬ ಎಲೆ ಅಗಿಯುವುದನ್ನೇ ನಿಲ್ಲಿಸಿದ. ಪೆಟ್ಟಿಗೆ ಹೊರಲು ನೆರವಾಗಲೆಂದು ನಾನೇ ಕರೆಸಿಕೊಂಡಿದ್ದ ಮಲ್ಲೇಶಿ ಕಣ್ಣು ಮುಚ್ಚಿದ. ಮುಚ್ಚಿದವನು ತೆರೆದು, “ಗುರುಶಾಂತಾ,” ಎಂದ, “ನಾಳಿ ಮೋಟಾರು ಗಾಳಿಕಲ್ಲು ಗುಡ್ಡದ ಬುಡಕ್ಕ ಹಾದು ಹೋಗತೈತಿ, ಹೌದಿಲ್ಲೋ?”

“ಹೌದು.”

“ಮದವಿ ನಾಡದು ಮಧ್ಯಾಹ್ನ, ಹೌದಿಲ್ಲೋ?”

“ಹೌದು.”

“ಶಿಖರದ ಮ್ಯಾಲೆ ಕುಂತು, ತಣ್ಣನ ಗಾಳ್ಯಾಗ ಈ ಹಾಡು ಒಮ್ಮಿ ಕೇಳಿದ್ರ ಹೆಂಗಿರತೈತಿ ವಿಚಾರ ಮಾಡು!”

ನಾನು ವಿಚಾರ ಮಾಡಬೇಕಾಗಿತ್ತು. ಮಾಡಲಿಲ್ಲ. ಬದಲಿಗೆ ಧೋತರ ಮೇಲೆತ್ತಿ ಕಾಲು ನೋಡಿಕೊಂಡೆ. “ನಡೀರಿ!” ಎಂದೆ.

ಮರುದಿನ ಬೆಳಿಗ್ಗೆ ಇದ್ದಲಿ ಮೋಟಾರು. ಪೆಟ್ರೋಲು ಇಲ್ಲದ್ದಕ್ಕೆ ಹಿಂದುಗಡೆ ಒಂದು ಹಂಡೆ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ ಓಡಿಸುವ ವ್ಯವಸ್ಥೆ. ಇಳಿಜಾರು ಬಂದರೆ ಮೋಟಾರು ನಮ್ಮನ್ನು ಒಯ್ಯುತ್ತಿತ್ತು, ಏರು ಬಂದರೆ ನಾವು ಮೋಟಾರನ್ನು! ಗುಡ್ಡದ ಬುಡದಲ್ಲಿ ಇಳಿಯುವ ಹೊತ್ತಿಗೆ ನನ್ನ ಕಾಲುಗಳು ಒಂದು ಗುಡ್ಡದಷ್ಟು ಕೆಲಸ ಮುಗಿಸಿದ್ದವು. ಆದರೆ ಅದನ್ನು ಹೇಳುವುದು ಹೇಗೆ? ಮೊದಲ ಹೆಜ್ಜೆ ಇಟ್ಟವನು ನಾನೇ.

ಮಲ್ಲೇಶಿಯ ತಲೆಯ ಮೇಲೆ ಸಿಂಬಿ, ಅದರ ಮೇಲೆ ಪೆಟ್ಟಿಗೆ. ಇಮಾಮಸಾಬನ ಹೆಗಲಿಗೆ ಎಲೆಬುಟ್ಟಿ. ಎಲೆಗಳ ನಡುವೆ ಮಕ್ಕಳನ್ನು ಮಲಗಿಸಿದ ಹಾಗೆ ಪ್ಲೇಟುಗಳು. ನನ್ನ ಬೆನ್ನಿಗೆ ಕುಬಸದ ಗಂಟು, ಕೈಯಲ್ಲಿ ಕಹಳೆ. ಬಿಸಿಲು ಏರಿದಂತೆ ಕಹಳೆಯನ್ನು ತಲೆಗೇ ಹಾಕಿಕೊಂಡೆ. ನೆರಳು ಚೆನ್ನಾಗಿತ್ತು, ದಾರಿ ಕಾಣುತ್ತಿರಲಿಲ್ಲ. ಎದುರಿಗೆ ಬಂದ ಒಂದು ಎಮ್ಮೆ ನನ್ನನ್ನು ನೋಡಿ, ತನ್ನ ಜನ್ಮದಲ್ಲಿ ಇಂಥ ಕೋಡು ಕಂಡಿಲ್ಲವೆಂಬಂತೆ ಗೌರವದಿಂದ ಬದಿಗೆ ಸರಿಯಿತು.

ಗುಡ್ಡ ನೆಟ್ಟಗಿತ್ತು. ನಮ್ಮ ಸೀಮೆಯ ಹೊಲಗಳ ಹಾಗೆ ಹಾಸಿಕೊಂಡಿರುವುದು ಅದಕ್ಕೆ ಗೊತ್ತೇ ಇರಲಿಲ್ಲ. ಕಲ್ಲು, ಕಲ್ಲಿನ ಮೇಲೆ ಕಲ್ಲು, ಸಂದಿಯಲ್ಲಿ ಕಾರಿಮುಳ್ಳಿನ ಕಂಟಿ. ಸ್ವಲ್ಪ ಹೊತ್ತಿಗೆ ನನ್ನ ಕಾಲುಗಳಿಗೆ ಒಂದು ಸತ್ಯ ಹೊಳೆಯಿತು: ಮಷಿನ್ನು ತುಳಿದರೆ ಚಕ್ರ ಮೇಲೆ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ನಾನು ಉಸಿರು ಬಿಡುವ ಸದ್ದು ಕಹಳೆಯಲ್ಲಿ ಹೊಕ್ಕು ಹತ್ತು ಪಟ್ಟಾಗಿ ಹೊರಬೀಳುತ್ತಿತ್ತು.

“ಯಾವುದೋ ಎತ್ತು ಬಂದಂಗಾತು!” ಎಂದು ಮಲ್ಲೇಶಿ ಹಿಂದೆ ತಿರುಗಿ ನೋಡಿದ.

“ಎತ್ತಲ್ಲೋ, ನಾನು,” ಎಂದೆ.

“ದೋಸ್ತ, ಒಂದು ಎಲಿ ಹಾಕ್ಕೋ, ಎಲ್ಲಾ ಸರಿ ಹೋಗತೈತಿ,” ಎಂದ ಇಮಾಮಸಾಬ. ಅವನ ವೈದ್ಯದಲ್ಲಿ ತಲೆನೋವಿಗೂ ಎಲೆ, ಹೊಟ್ಟೆನೋವಿಗೂ ಎಲೆ.

ಕೊನೆಗೂ ತುದಿ ಬಂತು. “ಮುಟ್ಟಿದ್ವಿ!” ಎಂದು ಮೂವರೂ ಅಪ್ಪಿಕೊಂಡೆವು. ಅಪ್ಪಿಕೊಂಡಾಗ ಮಲ್ಲೇಶಿಯ ಭುಜದ ಮೇಲಿಂದ ನನಗೆ ಕಂಡದ್ದು ಇನ್ನೊಂದು ತುದಿ. ಅದು ಇದಕ್ಕಿಂತ ಎತ್ತರ. ಅದನ್ನೂ ಹತ್ತಿದೆವು. ಈ ಸಲ ಅಪ್ಪಿಕೊಳ್ಳಲಿಲ್ಲ. ಒಳ್ಳೆಯದೇ ಆಯಿತು, ಯಾಕೆಂದರೆ ಅದರ ಹಿಂದೆ ಮತ್ತೊಂದಿತ್ತು! ಮೂರನೆಯದನ್ನು ನಾನು ಹತ್ತಿದೆ ಎಂದರೆ ಸುಳ್ಳಾದೀತು. ಮಲ್ಲೇಶಿ ಪೆಟ್ಟಿಗೆಯನ್ನು ಮೇಲಿಟ್ಟು ಬಂದು, ಉಳಿದ ಸಾಮಾನಿನ ಜೊತೆ ನನ್ನನ್ನೂ ಎತ್ತಿಕೊಂಡು ಹೋದ.

ಆದರೆ ಆ ತುದಿಯ ಮೇಲೆ! ಈಗಲೂ ನೆನೆಸಿಕೊಂಡರೆ ಮೈ ಹಗುರಾಗುತ್ತದೆ. ಗಾಳಿ ಎಂದರೆ ಅದು ಗಾಳಿ. ಕೆಳಗೆ ಕೆರೆಗಳು ಯಾರೋ ಚೆಲ್ಲಿದ ಕನ್ನಡಿ ಚೂರಿನ ಹಾಗೆ ಹೊಳೆಯುತ್ತಿದ್ದವು. ಜೋಳದ ಹೊಲ, ಶೇಂಗಾದ ಹೊಲ, ನಡುವೆ ಕೆಂಪು ದಾರಿ. ನಾನು ದಿನಾ ಅಳತೆಯ ಟೇಪು ಹಿಡಿಯುವವನು. ಜಗತ್ತೆಂಬ ಬಟ್ಟೆಯ ಪನ್ನ ಇಷ್ಟು ಅಗಲ ಇದೆ ಎಂದು ಆವತ್ತೇ ಗೊತ್ತಾದದ್ದು. ನಾವು ಮೂವರೂ ಮಾತಿಲ್ಲದೆ ಕೂತು ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ ತಿಂದೆವು. ಸುಮ್ಮನೆ ಕೂತ ಮಲ್ಲೇಶಿಯನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

“ಇನ್ನ ಹಾಡು!” ಎಂದ ಮಲ್ಲೇಶಿ.

ಬಂಡೆಯ ಮೇಲೆ ಪೆಟ್ಟಿಗೆ ಇಟ್ಟೆವು. ಕಹಳೆ ಸಿಕ್ಕಿಸಿದೆವು. ಕೀಲಿ ಕೊಟ್ಟೆವು. ನಾನು ಗಂಭೀರವಾಗಿ ಜೇಬಿಗೆ ಕೈ ಹಾಕಿ ಪಿನ್ನಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದೆ.

ಸುಣ್ಣ!

ತಾಂಬೂಲದ ಚೀಲಕ್ಕೆ ನಾನು ಹಾಕಿ ಕಳಿಸಿದ್ದು ಪಿನ್ನಿನ ಡಬ್ಬಿ. ಮಾವನವರ ಬಂಗಾರ ಈಗ ಹಿರೇಕೆರೂರಿನಲ್ಲಿ ಎಲೆಯಡಿಕೆಯ ತಟ್ಟೆಯಲ್ಲಿದೆ. ಯಾರಾದರೂ ಎಲೆಗೆ ಹಚ್ಚಿಕೊಂಡರೆ?

“ಚಿಂತಿಲ್ಲ,” ಎಂದ ಇಮಾಮಸಾಬ. ಡಬ್ಬಿ ಇಸಿದುಕೊಂಡು ತನ್ನ ಎಲೆಗೆ ಸುಣ್ಣ ಹಚ್ಚಿಕೊಂಡ. ಅವನಿಗೆ ಚಿಂತೆ ಇರಲಿಲ್ಲ, ನಿಜ.

ಆಗ ನನ್ನೊಳಗಿನ ಕಸುಬುದಾರ ಎದ್ದು ನಿಂತ. ನನ್ನ ಅಂಗಿಯ ಕಾಲರಿಗೆ ಸದಾ ಒಂದು ಮಷಿನ್ನಿನ ಸೂಜಿ ಚುಚ್ಚಿರುತ್ತದೆ. ಸೂಜಿ ಎಂದರೆ ಸೂಜಿ! ಬಟ್ಟೆಯ ಮೇಲೆ ಓಡುವುದು ಪ್ಲೇಟಿನ ಮೇಲೆ ಓಡದೇ? ಸಿಕ್ಕಿಸಿ, ತಿರುಪು ಬಿಗಿ ಮಾಡಿ, ಪ್ಲೇಟಿನ ಮೇಲೆ ಇಳಿಸಿದೆ.

ಓಡಿತು! ಗೋಪಿಯ ದನಿ ಗಾಳಿಯಲ್ಲಿ ತೇಲಿತು. ಇಮಾಮಸಾಬ “ವಾಹ್ವಾ!” ಎಂದ. ನಾನು ಮೀಸೆ ತಿರುವಿದೆ. ತಿರುವಿ ಮುಗಿಯುವಷ್ಟರಲ್ಲಿ ಸೂಜಿ ಒಂದು ಗೆರೆಯಲ್ಲಿ ಸಿಕ್ಕಿಬಿತ್ತು.

“ಕೈ ಬಿಡೋ! ... ಕೈ ಬಿಡೋ! ... ಕೈ ಬಿಡೋ!”

ನಾನು ಕೈ ಹಾಕಿ ತೆಗೆಯಲು ಹೋದೆ. ಮಲ್ಲೇಶಿ ತಡೆದ. “ಇರಲಿ ಬಿಡಲೇ, ಮಜಾ ಐತಿ!” ಎಂದು ಬಂಡೆಯ ಅಂಚಿಗೆ ನಿಂತು, ಎದೆ ಸೆಟೆಸಿ, ತಾನೇ ಕೃಷ್ಣನಾಗಿ, ಎರಡು ಓಣಿಗೆ ಕೇಳುವ ಆ ಗಂಟಲಲ್ಲಿ ಕಣಿವೆಗೆ ಕೂಗಿದ:

“ಬಿಡಂಗಿಲ್ಲಾ!”

ಎದುರಿನ ಗುಡ್ಡ “...ಬಿಡಂಗಿಲ್ಲಾ!” ಎಂದಿತು.

“ಕೈ ಬಿಡೋ!”

“ಬಿಡಂಗಿಲ್ಲಾ! ಏನ ಮಾಡ್ತಿ ಮಾಡು!”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೀಲಿ ಮುಗಿದರೆ ಮತ್ತೆ ಕೀಲಿ ಕೊಟ್ಟೆವು. ಗೋಪಿ ಬೇಡುತ್ತಲೇ ಇದ್ದಳು, ಮಲ್ಲೇಶಿ ಬಿಡಲೊಲ್ಲ. ಕೊನೆಗೆ ಟಕ್ ಎಂದು ಸೂಜಿ ಮುರಿಯಿತು. ಹಾಡು ನಿಂತಿತು. ಆಗ ಕೇಳಿಸಿತು ಬೇರೆ ಸದ್ದು. ಬಂಡೆಯ ಹಿಂದಿನಿಂದ, ಬಹಳ ಮಂದಿಯ ಕಾಲಿನ ಸದ್ದು.

ಮೊದಲು ಕಂಡದ್ದು ಬಡಿಗೆಗಳು. ಆಮೇಲೆ ಮುಂಡಾಸ. ಎಲ್ಲರ ಮುಂದೆ, ಸೀರೆಯ ಕಚ್ಚೆ ಬಿಗಿದು ಕೈಯಲ್ಲಿ ಕುಡುಗೋಲು ಹಿಡಿದ ಒಬ್ಬ ಹೆಣ್ಣುಮಗಳು. ಹೆಸರು ಫಕೀರವ್ವ ಎಂದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ನನಗೆ ಕುಡುಗೋಲು ಮಾತ್ರ ತಿಳಿಯಿತು.

“ಎಲ್ಲಿ ಅದಾಳ ಆ ಹೆಣ್ಮಗಳು?”

ಮೂವರೂ ಒಬ್ಬರ ಹಿಂದೆ ಒಬ್ಬರು ಸರಿದೆವು. ಹೀಗೆ ಸರಿಯುವಾಗ ಎಲ್ಲರಿಗಿಂತ ಮುಂದೆ ಉಳಿದವನು ನಾನು.

“ಯಾ... ಯಾವ ಹೆಣ್ಮಗಳ್ರೀ ಎವ್ವಾ?”

“ಅಷ್ಟೊತ್ತಿನಿಂದ ಕೈ ಬಿಡೋ, ಕೈ ಬಿಡೋ ಅಂತ ಬಾಯಿ ಬಡ್ಕೊಳ್ಳಾಕತ್ತಿದ್ಲು. ಬಿಡಂಗಿಲ್ಲ ಅಂತ ನೀವು ಒದರಾಕತ್ತಿದ್ರಿ. ಶೇಂಗಾ ಕೀಳೂದ ಬಿಟ್ಟು ಓಡಿ ಬಂದೇವಿ. ಎಲ್ಲಿಟ್ಟೀರಿ ಆಕಿನ್ನ?”

ಪ್ಲೇಟಿನಲ್ಲಿ ಎಂದು ಹೇಳಬೇಕಿತ್ತು. ಹೆದರಿಕೆಗೆ ಬಾಯಿಗೆ ಬಂದದ್ದು ಊಟದ ತಟ್ಟೆಯ ಹೆಸರು. “ಆಕಿ ತಾಟಿನ್ಯಾಗ ಅದಾಳ್ರಿ!” ಎಂದೆ.

“ತಾಟಿನ್ಯಾಗ? ಉಂಡ್ರೇನ್ ಆಕಿನ್ನ!”

ಬಡಿಗೆಗಳು ಮೇಲೆದ್ದವು. ಇಮಾಮಸಾಬ ಕೈ ಮುಗಿದು, “ಅಕ್ಕಾರ, ತಡೀರಿ, ಒಂದು ಎಲಿ ಹಾಕ್ಕೊಳ್ರಿ...” ಎಂದು ಬುಟ್ಟಿ ಚಾಚಿದ. ಯಾರೂ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಒಬ್ಬ ಗಂಡಾಳು ಕಂಟಿಯಲ್ಲಿ ಹುಡುಕುತ್ತ ನನ್ನ ಗಂಟು ಬಿಚ್ಚಿದ್ದ.

“ಫಕೀರಕ್ಕ! ಇಲ್ಲಿ ಕುಬಸ ಐತಿ!”

“ಹೊಸಾದೋ ಹಳೇದೋ?”

“ಹೊಸಾದು. ಒಂದಲ್ಲ, ಭಾಳ ಅದಾವು!”

ಫಕೀರವ್ವ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಅಯ್ಯ ನಿನ್ನ, ಒಬ್ಬಾಕಿನ್ನಲ್ಲ, ಭಾಳ ಮಂದಿನ್ನ ಹಾರಸ್ಯಾನ! ನೋಡಿದ್ರ ಸೊಳ್ಳಿ ಇದ್ದಂಗ ಅದಾನ!”

ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡ ಗಂಡಸುತನವನ್ನು ಯಾರೂ ನನಗೆ ಹೊರಿಸಿರಲಿಲ್ಲ. ಆದರೆ ಖುಷಿಪಡುವ ಹೊತ್ತು ಅದಲ್ಲ. “ನಾ ದರ್ಜಿ ಅದೇನ್ರಿ! ಮದುಮಗಳ ಕುಬಸ! ಹಾಡಿದ್ದು ಈ ಪೆಟ್ಟಿಗ್ರಿ!” ಎಂದು ಕೂಗಿದೆ.

“ಹಂಗಾರ ಹಾಡಸು.”

ಹಾಡಿಸುವುದು ಹೇಗೆ? ಸೂಜಿ ಮುರಿದಿದೆ. ಬೇರೆ ದಾರಿ ಕಾಣದೆ, ಹೀಗಿತ್ತು ನೋಡ್ರಿ ಎಂದು ನಾನೇ ಸೆರಗು ಹೊದ್ದವಳ ಹಾಗೆ ಟವೆಲ್ಲು ಹೊದ್ದುಕೊಂಡು, ಸಣ್ಣ ದನಿ ಮಾಡಿ, “ಕೈ ಬಿಡೋ...” ಎಂದು ಹಾಡಿ ತೋರಿಸಿದೆ.

“ಆಕಿ ದನಿ ಛಲೋ ಇತ್ತು,” ಎಂದ ಒಬ್ಬ. ಬಡಿಗೆ ಇನ್ನೂ ಸ್ವಲ್ಪ ಮೇಲೆ ಹೋಯಿತು. ನಾನು ಹಿಂದೆ ಸರಿದೆ. ಇನ್ನೂ ಸರಿದೆ. ಸರಿದು ಕೂತೆ. ಕೂತದ್ದು ಕಾರಿಕಂಟಿಯ ಮೇಲೆ.

ಆಗ ನನ್ನ ಬಾಯಿಂದ ಹೊರಟ ದನಿ ಎದುರಿನ ಗುಡ್ಡಕ್ಕೆ ಎರಡು ಸಲ ಹೋಗಿ ಬಂತು! ಇಮಾಮಸಾಬ ಓಡಿಬಂದು, ಹೇಳಲು ಸಂಕೋಚವಾಗುವ ಜಾಗದಿಂದ ಒಂದು ಮುಳ್ಳು ಕಿತ್ತ. ಎಸೆಯಲು ಹೋದವನು ನಿಂತ. ಬಿಸಿಲಿಗೆ ಹಿಡಿದು ನೋಡಿದ. ಗಟ್ಟಿಮುಟ್ಟಾಗಿ, ನೆಟ್ಟಗೆ, ಚೂಪಾಗಿತ್ತು.

“ಯಾ ಅಲ್ಲಾ! ದೋಸ್ತ, ಪಿನ್ನು ಸಿಕ್ತು!”

ಮುಳ್ಳಿನ ಬುಡ ಕತ್ತರಿಸಿ ಸಿಕ್ಕಿಸಿದೆವು. ಬೇರೆ ಪ್ಲೇಟು ಹಚ್ಚಿದೆ. ಮೆತ್ತಗೆ, ಜೇನಿನ ಹಾಗೆ ಹಾಡು ಬಂತು. ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಫಕೀರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ ಹೇಳಿದಳು:

“ಈ ಪೆಟ್ಟಿಗಿ ನಾನೂ ಹಿರೇಕೆರೂರ ಸಂತ್ಯಾಗ ನೋಡೇನಿ. ಇದೇನ ದೊಡ್ಡದಲ್ಲ. ಆದ್ರ ಆ ಗಂಡಸಿನ ದನಿ? ಬಿಡಂಗಿಲ್ಲ ಅನ್ನೂದು? ಅದು ಪ್ಲೇಟಿನ್ಯಾಗ ಇತ್ತೋ?”

ಎಲ್ಲರೂ ಮಲ್ಲೇಶಿಯನ್ನು ನೋಡಿದರು. ಗರಡಿಯಲ್ಲಿ ಬೆಳೆದ ಆ ದೇಹ ಇಮಾಮಸಾಬನ ಎಲೆಬುಟ್ಟಿಯ ಹಿಂದೆ ಅಡಗಲು ಮಾಡಿದ ಪ್ರಯತ್ನ ನೋಡುವಂತಿತ್ತು.

“ತಪ್ಪಾತ್ರಿ ಎವ್ವಾ,” ಎಂದ. ಆ ಗಂಟಲಲ್ಲಿ ಅಷ್ಟು ಸಣ್ಣ ದನಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

“ತಪ್ಪಾತು ಅಂದ್ರ ಆತೇನು? ನಮ್ಮ ಅರ್ಧಾ ದಿನದ ಕೆಲಸ ಕೆಡಿಸೀರಿ. ನಡೀರಿ ಹೊಲಕ್ಕ!”

ಹೊಲಕ್ಕೆ ಹೋಗುವಾಗ ಗೊತ್ತಾದ ಸಂಗತಿಯನ್ನು ಬರೆಯಲು ನನಗೆ ಇಂದಿಗೂ ಕಷ್ಟವಾಗುತ್ತದೆ. ಬಂಡೆಯ ಹಿಂದುಗಡೆ ಗುಡ್ಡ ಮೆಲ್ಲಗೆ ಇಳಿದು ಹೋಗುತ್ತಿತ್ತು. ಎಷ್ಟು ಮೆಲ್ಲಗೆ ಎಂದರೆ, ನಾವು ಪ್ರಾಣ ಕೈಯಲ್ಲಿ ಹಿಡಿದು ಏರಿದ ಆ ಶಿಖರಕ್ಕೆ ಆ ಕಡೆಯಿಂದ ಚಕ್ಕಡಿ ದಾರಿ ಇತ್ತು! ತುಸು ಕೆಳಗೆ ಎತ್ತುಗಳು ನಿಂತು ಮೇವು ತಿನ್ನುತ್ತಿದ್ದವು. ನಮ್ಮ ಕಡೆ ತಿರುಗಿ ಸಹ ನೋಡಲಿಲ್ಲ.

ಸಂಜೆಯ ತನಕ ಶೇಂಗಾ ಕಿತ್ತೆವು. ನಾನು ಕೂತು ಕೆಲಸ ಮಾಡುವವನಾದರೂ ಆವತ್ತು ಕೂರುವ ಸ್ಥಿತಿಯಲ್ಲಿ ಇರಲಿಲ್ಲ, ಬಗ್ಗಿಯೇ ಕಿತ್ತೆ. ಬದುವಿನ ಮೇಲೆ ಪೆಟ್ಟಿಗೆ ಹಾಡುತ್ತಿತ್ತು. ಮುಳ್ಳು ಸವೆದರೆ ಇನ್ನೊಂದು ಮುಳ್ಳು. ಯುದ್ಧದ ಕಾಲದಲ್ಲಿ ಇಷ್ಟು ಪುಕ್ಕಟೆ ಪಿನ್ನು ಇಡೀ ಜಿಲ್ಲೆಯಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಹಾಡಿನ ಗತ್ತಿಗೆ ಬಳ್ಳಿ ಎಳೆಯುವುದು, ಹಾಡು ಮುಗಿದಾಗ ಮಣ್ಣು ಕೊಡವುವುದು. ಬಡಿಗೆ ಎತ್ತಿದ್ದ ಗಂಡಾಳು ನನ್ನ ಪಕ್ಕಕ್ಕೆ ಬಂದು, “ದರ್ಜಿ, ನನಗೊಂದು ಅಂಗಿ ಹೊಲಿ,” ಎಂದು ನಿಂತಲ್ಲೇ ಅಳತೆ ಕೊಟ್ಟ. ಫಕೀರವ್ವ ಈಗ ಎರಡೆರಡು ಎಲೆ ಹಾಕಿಕೊಂಡಳು. ಹೊತ್ತು ಮುಳುಗುವಾಗ ಒಣ ಎಲೆ ಗುಡ್ಡೆ ಹಾಕಿ ಹಸಿ ಶೇಂಗಾ ಸುಟ್ಟು ಸುತ್ತ ನಿಂತು ತಿಂದೆವು. ಮುಖ ಕೈಯೆಲ್ಲ ಮಸಿ. ಮಲ್ಲೇಶಿ ಅಲ್ಲಿಯ ಹುಡುಗರಿಗೆ ಕುಸ್ತಿಯ ಪಟ್ಟು ಕಲಿಸಿದ. ನಿಜ ಹೇಳಬೇಕೆಂದರೆ ನನಗೆ ಮದುವೆಯೇ ಮರೆತು ಹೋಗಿತ್ತು!

ಬೆಳಗಾದಾಗ ನೆನಪಾಯಿತು. ನೆನಪಾದದ್ದು ಮಾವನವರ ಮುಖ. ಮೋಟಾರು ಬರುವುದು ಯಾವಾಗಲೋ. ಫಕೀರವ್ವನೇ ಚಕ್ಕಡಿ ಹೂಡಿಸಿದಳು. ತಾನೂ ಹತ್ತಿ ಕೂತಳು.

“ನೀವ್ಯಾಕ್ರಿ ಎವ್ವಾ, ತ್ರಾಸ?”

“ನಡುವ ಇನ್ನೊಂದು ಗುಡ್ಡ ಐತಿ. ಅದನ್ನೂ ಹತ್ತೀರಿ ಅಂತ ಹೆದರಿಕಿ.”

ದಾರಿಯುದ್ದಕ್ಕೂ ನಾನು ಸುಳ್ಳು ಹೊಲಿದೆ. ಮೋಟಾರಿನ ಗಾಲಿ ಮುರಿಯಿತು; ಕಾಡಿನಲ್ಲಿ ಉಳಿದೆವು; ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡು ಕಾದೆ. ಅಳತೆ ಸರಿಯಾಗಿತ್ತು, ಎಲ್ಲೂ ಹೊಲಿಗೆ ಕಾಣುತ್ತಿರಲಿಲ್ಲ. ಮದುವೆಯ ಮನೆ ಮುಟ್ಟಿದಾಗ ನೀಲವ್ವ ಬಾಗಿಲಲ್ಲೇ ನಿಂತಿದ್ದಳು.

“ಏನಾತ್ರಿ? ಯಾಕ ಇಷ್ಟ ತಡಾ?”

ನಾನು ಗಂಟಲು ಸರಿಮಾಡಿಕೊಂಡೆ. “ಮೋಟಾರು...”

“ಗುಡ್ಡದ ಮ್ಯಾಲೆ ಸಿಕ್ಕ್ರವ್ವಾ,” ಎಂದಳು ಫಕೀರವ್ವ ಚಕ್ಕಡಿಯಿಂದ ಇಳಿಯುತ್ತ. ಹೆಂಗಸರೆಲ್ಲ ಸುತ್ತ ಕೂಡಿದರು. ಅವಳು ಮೊದಲಿನಿಂದ ಕೊನೆಯ ತನಕ, ತಾಟು, ಕುಬಸ, ಟವೆಲ್ಲು, ಮುಳ್ಳು, ಮುಳ್ಳಿದ್ದ ಜಾಗ, ಒಂದನ್ನೂ ಬಿಡದೆ ಹೇಳಿದಳು. ನೀಲವ್ವ ಮೊದಲು ಹಣೆ ಬಡಿದುಕೊಂಡಳು. ಆಮೇಲೆ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಅಡಿಗೆ ಮನೆಗೆ ಓಡಿಹೋದಳು. ಅಲ್ಲಿಂದ ಕೇಳಿಬಂದ ನಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮಾವನವರು ಹಂದರದ ಆ ತುದಿಯಲ್ಲಿ ಇದ್ದರು. ಅವರಿಗೆ ಕಥೆ ಇನ್ನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಬೀಗರ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚಲು ಹೋಗಿ ಬೆರಳು ಚುಚ್ಚಿಕೊಂಡದ್ದರಿಂದ ಪಿನ್ನು ಮಾತ್ರ ಮಾವನವರ ಕೈ ಸೇರಿತ್ತು. ಪೆಟ್ಟಿಗೆಯನ್ನು ಕಂಡು ಅವರ ಕಣ್ಣು ತುಂಬಿತು. “ಅಳಿಯಂದ್ರ, ಒಂದು ಗೀರೂ ಬೀಳದಂಗ ತಂದೀರ್ರಿ!” ಎಂದು ನನ್ನ ಬೆನ್ನು ಚಪ್ಪರಿಸಿದರು. ಪೆಟ್ಟಿಗೆಗೆ ಗೀರು ಬಿದ್ದಿರಲಿಲ್ಲ, ನಿಜ. ಬಿದ್ದದ್ದು ಪ್ಲೇಟಿಗೆ. ಹೇಳೋಣವೆಂದರೆ ನನ್ನನ್ನು ಯಾರೋ ಮದುಮಗಳ ಕುಬಸಕ್ಕೆ ಗುಂಡಿ ಹಚ್ಚಲು ಒಳಗೆ ಕರೆದರು.

ನಾನು ಹೊರಗೆ ಬಂದಾಗ ಅಕ್ಷತೆಯ ಅಕ್ಕಿಕಾಳು ಬಿದ್ದಾಗಿತ್ತು. ಹಿರಿಯರು ಮದುಮಗಳ ಕೈಯನ್ನು ಮದುಮಗನ ಕೈಯಲ್ಲಿ ಇಡುತ್ತಿದ್ದರು. ನನ್ನ ಭಾವಮೈದುನ ಚನ್ನಬಸು ಬಹಳ ಅಂಜುಬುರುಕ, ದೊಡ್ಡವರ ಮಾತು ಮೀರದವನು. ಬಾಜಾದವರು ನಿಲ್ಲಿಸಿದರು. ಮಾವನವರು ಹೆಮ್ಮೆಯಿಂದ ತಮ್ಮ ಪ್ರೀತಿಯ ಪ್ಲೇಟು ಹಚ್ಚಿದರು. ನಾನು ಈ ತುದಿಯಿಂದ ಕೈ ಬೀಸಿದೆ. ಅವರೂ ಸಂತೋಷದಿಂದ ಕೈ ಬೀಸಿದರು. ನಾನು ಓಡಿದೆ. ಉಣ್ಣಲು ಹಾಸಿದ್ದ ಚಾಪೆಗೆ ಕಾಲು ಸಿಕ್ಕಿ ಬಿದ್ದೆ.

“ಕೈ ಬಿಡೋ! ... ಕೈ ಬಿಡೋ! ... ಕೈ ಬಿಡೋ!”

ಇಡೀ ಹಂದರ ಕಹಳೆಯ ಕಡೆ ತಿರುಗಿತು. ಚನ್ನಬಸು ಗಾಬರಿಯಿಂದ ಅಪ್ಪನನ್ನು ನೋಡಿದ, ಬೀಗರನ್ನು ನೋಡಿದ, ಕಹಳೆಯನ್ನು ನೋಡಿದ. ನೋಡಿ, ಪಟಕ್ಕನೆ ಮದುಮಗಳ ಕೈ ಬಿಟ್ಟೇಬಿಟ್ಟ!

ಬೀಗರ ಮುಖ ಕೆಂಪಾಯಿತು. ಹಿರಿಯರೊಬ್ಬರು ಎದ್ದು ಮುಂಡಾಸ ಸರಿಮಾಡಿಕೊಂಡರು. ಮಾವನವರು ಪ್ಲೇಟಿನ ಮೇಲಿಂದ ಪಿನ್ನು ಎತ್ತಿ, ಕಂಬ ಹಿಡಿದುಕೊಂಡರು. ನಾನು ಬಿದ್ದಲ್ಲಿಯೇ, ಭೂಮಿ ಇನ್ನಷ್ಟು ಮೆತ್ತಗಿದ್ದರೆ ಒಳಗೇ ಹೋಗಬಹುದಿತ್ತು ಎಂದುಕೊಂಡೆ. ಆಗ ಮದುಮಗಳು, ತಲೆ ತಗ್ಗಿಸಿಯೇ, ಬಾಸಿಂಗ ಅಲುಗದ ಹಾಗೆ ಕೈ ಚಾಚಿ ಚನ್ನಬಸುವಿನ ಮುಂಗೈಯನ್ನು ಗಬಕ್ಕನೆ ಹಿಡಿದಳು. ಹಿಡಿದು ಮೆಲ್ಲಗೆ ಅಂದಳು. ಮೆಲ್ಲಗೆ ಅಂದರೂ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

“ನಾ ಬಿಡಂಗಿಲ್ಲ.”

ಮೊದಲು ನಕ್ಕವರು ಎದ್ದು ನಿಂತಿದ್ದ ಹಿರಿಯರೇ. ಆಮೇಲೆ ಹಂದರವೇ ನಕ್ಕಿತು. ಫಕೀರವ್ವ ನಕ್ಕಳು, ಮಲ್ಲೇಶಿ ನಕ್ಕ, ಬಾಜಾದವರಿಗೆ ನಗುತ್ತ ಊದಲು ಬರದೆ ಬರೀ ಗಾಳಿ ಬಂತು. ಮಾವನವರು ಕಂಬ ಬಿಟ್ಟು ಕಣ್ಣೊರೆಸಿಕೊಂಡರು. ಬೀಗರ ಊರಿನಲ್ಲಿ ಆ ಮದುವೆಯನ್ನು ಇಂದಿಗೂ ಹೇಳುತ್ತಾರಂತೆ. ನನ್ನ ಹೆಸರನ್ನೂ ಹೇಳುತ್ತಾರಂತೆ. ಹೇಗೆ ಹೇಳುತ್ತಾರೆ ಎಂದು ನಾನು ವಿಚಾರಿಸಿಲ್ಲ.

ಮರು ವರ್ಷ ಗೆಳೆಯರಿಬ್ಬರೂ ಮತ್ತೆ ಬಂದರು. ತಡಸದ ಆಚೆ ಇನ್ನೊಂದು ಶಿಖರ ಇದೆಯಂತೆ. ನಾನು ಹೆಂಡತಿಯ ಮುಖ ನೋಡಿದೆ, ಬೇಡ ಎನ್ನುತ್ತಾಳೆ, ಮರ್ಯಾದೆಯಿಂದ ತಪ್ಪಿಸಿಕೊಳ್ಳಬಹುದು ಎಂದು.

“ತಡೀರಿ, ರೊಟ್ಟಿ ಬಡೀತೇನಿ,” ಎಂದಳು ಅವಳು. “ಈ ಸಲ ನಾನೂ ಬರ್ತೇನಿ!”

ಹೋದೆವು. ಬುಡದ ದೇವರ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತುವುದು ಅಲ್ಲಿಯ ರೂಢಿ. ಯಾರಾದರೂ ಕಾಯಬೇಕಲ್ಲ? ಮೂವರೂ ನನ್ನನ್ನು ನೋಡಿದರು. ನಾನು ವಾದ ಮಾಡದೆ ನನ್ನ ಚಪ್ಪಲಿಯನ್ನೂ ಅವುಗಳ ಪಕ್ಕದಲ್ಲಿ ಬಿಟ್ಟು ನಿಂತೆ. ನೀಲವ್ವ ಕಚ್ಚೆ ಬಿಗಿದು, ಮಲ್ಲೇಶಿಗಿಂತ ಮುಂದೆ, ಒಮ್ಮೆಯೂ ನಿಲ್ಲದೆ ಹತ್ತಿ ಹೋದಳು. ತುದಿಯಿಂದ ಸೆರಗು ಬೀಸಿದಳು. ನಾನು ಕೆಳಗಿನಿಂದ ಟವೆಲ್ಲು ಬೀಸಿದೆ.

ಹಾಗೆ ಬೀಸುತ್ತ ನಿಂತಾಗ ಒಂದು ನಾಯಿ ಬಂದು ಒಂದು ಚಪ್ಪಲಿ ಕಚ್ಚಿಕೊಂಡು ಓಡಿತು. ಉಳಿದ ಮೂವರ ಚಪ್ಪಲಿ ಸುರಕ್ಷಿತವಾಗಿದ್ದವು. ನಾಯಿ ಒಯ್ದದ್ದು ನನ್ನದು!